ನಿಂತದ್ದು ಪಾವಲಿ, ಮಲಗಿದ್ದು ಆಣೆ

ಕೊಲ್ಹಾಪುರದ ರದ್ದಿ ಅಂಗಡಿಯಲ್ಲಿ ಕನ್ನಡ ಪುಸ್ತಕ ಸಿಗುವುದು, ಬೆಳಗಾವಿಯ ರದ್ದಿ ಅಂಗಡಿಯಲ್ಲಿ ಮರಾಠಿ ಕಾದಂಬರಿಗಳ ರಾಶಿ ಬಿದ್ದಿರುವುದು ನಮ್ಮ ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಹೊಸ ಮಾತಲ್ಲ. ಹಿರಿಯರು ತೀರಿಕೊಂಡ ಮೇಲೆ ಅಟ್ಟ ಖಾಲಿ ಮಾಡುವವರು ಎಲ್ಲವನ್ನೂ ಕಿಲೋ ಲೆಕ್ಕದಲ್ಲಿ ತೂಗಿ ಹಾಕುತ್ತಾರೆ. ಯಾವ ಭಾಷೆಯ ಪುಸ್ತಕ ಯಾವ ರಾಜ್ಯಕ್ಕೆ ಹೋಯಿತೆಂದು ಯಾರೂ ನೋಡುವುದಿಲ್ಲ. ಹಾಗೆ ಕೈ ಬದಲಾಯಿಸುತ್ತ ನನ್ನ ಹತ್ತಿರ ಬಂದದ್ದು ಪರಮೇಶ್ವರಿಲಾಲ್ ಗುಪ್ತ ಅವರ ‘ಕಾಯಿನ್ಸ್’. ನ್ಯಾಷನಲ್ ಬುಕ್ ಟ್ರಸ್ಟ್ 1969ರಲ್ಲಿ ತಂದ ಇಂಗ್ಲಿಷ್ ಪುಸ್ತಕ. ನಾಣ್ಯ ಕೂಡಿಡುವ ಹವ್ಯಾಸ ಇದ್ದವರ ಮನೆಯಲ್ಲಿ ಒಂದು ಕಾಲಕ್ಕೆ ಇರಲೇಬೇಕಾಗಿದ್ದ ಪುಸ್ತಕ ಅದು. ಆದರೆ ನಾನು ಇಲ್ಲಿ ಹೇಳಹೊರಟಿರುವುದು ಗುಪ್ತರು ಬರೆದದ್ದರ ಬಗ್ಗೆ ಅಲ್ಲ. ಪುಸ್ತಕದ ಅಂಚಿನಲ್ಲಿ ಇನ್ಯಾರೋ ಬರೆದದ್ದರ ಬಗ್ಗೆ.

ಹೆಸರಿಲ್ಲ, ಸಹಿಯಿಲ್ಲ, ಊರಿನ ಮೊಹರಿಲ್ಲ. ಮೊದಲ ಹಾಳೆಯನ್ನು ಯಾರೋ ನೀಟಾಗಿ ಕತ್ತರಿಸಿ ತೆಗೆದಿದ್ದಾರೆ. ಉಳಿದ ಹಾಳೆಗಳ ಅಂಚಿನ ತುಂಬ ಪೆನ್ಸಿಲ್ಲಿನ ಸಣ್ಣ ಬರಹ. ಕೆಲವು ಸಾಲು ಕನ್ನಡ, ಕೆಲವು ಮರಾಠಿ, ಮತ್ತೆ ಕೆಲವು ನನಗೆ ಓದಲು ಬಾರದ, ಮರಾಠಿ ಬರೆಯುತ್ತಿದ್ದ ಹಳೆಯ ಮೋಡಿ ಲಿಪಿ. ಇಂಗ್ಲಿಷ್ ಪುಸ್ತಕದ ಅಂಚಿನಲ್ಲಿ ಇಂಗ್ಲಿಷಿನ ಒಂದಕ್ಷರವೂ ಇಲ್ಲ. ಕೈ ಮಾತ್ರ ಒಂದೇ. ಒತ್ತಿ ಬರೆಯುವ ರೀತಿ, ಎಡಕ್ಕೆ ವಾಲುವ ರೀತಿ ಮೂರೂ ಬರಹದಲ್ಲಿ ಒಂದೇ ತೆರ.

ಮರಾಠರ ನಾಣ್ಯದ ಮಾತು ಬರುವ ಪುಟದ ಎದುರಿಗೆ ತೆಳುಗಾಗದದ ಎರಡು ಚೂರು ಅಂಟಿಸಿದೆ. ನಾಣ್ಯವನ್ನು ಕೆಳಗಿಟ್ಟು, ಮೇಲೆ ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು. ಒಂದರಲ್ಲಿ ‘ಶ್ರೀ ರಾಜಾ ಶಿವ’ ಎಂದು ಮೂರು ಸಾಲು, ಇನ್ನೊಂದರಲ್ಲಿ ‘ಛತ್ರಪತಿ’ ಎಂದು ಎರಡು ಸಾಲು, ನಾಗರಿಯಲ್ಲಿ. ಇದು ಶಿವರಾಯಿ. 1674ರಲ್ಲಿ ಶಿವಾಜಿ ಮಹಾರಾಜರ ಪಟ್ಟಾಭಿಷೇಕದೊಂದಿಗೆ ಹುಟ್ಟಿ, ಪೇಶ್ವೆಗಳ ಕಾಲದುದ್ದಕ್ಕೂ ಟಂಕವಾಗುತ್ತ ಬಂದು, ನಮ್ಮ ಸೀಮೆಯ ಸಂತೆಗಳಲ್ಲಿ ಬಹಳ ಕಾಲ ಓಡಾಡಿದ ತಾಮ್ರದ ದುಡ್ಡು. ಟಂಕಸಾಲೆಯ ಅಚ್ಚು ದೊಡ್ಡದು, ತಾಮ್ರದ ಬಿಲ್ಲೆ ಚಿಕ್ಕದು. ಹಾಗಾಗಿ ಅಂಚಿನ ಅಕ್ಷರಗಳು ಅರ್ಧಕ್ಕೇ ಕತ್ತರಿಸಿ ಹೋಗಿವೆ. ಬಹುತೇಕ ಶಿವರಾಯಿಗಳ ಪಾಡು ಇದೇ. ಪೆನ್ಸಿಲ್ ಹಿಡಿದವರು ಕಾಣದ ಅಕ್ಷರಗಳನ್ನು ಊಹಿಸಿ ತುಂಬಿಲ್ಲ, ಇದ್ದಷ್ಟನ್ನೇ ಎತ್ತಿಕೊಂಡಿದ್ದಾರೆ. ಕೆಳಗೆ ಮರಾಠಿಯಲ್ಲಿ ಒಂದು ಸಾಲು: ‘ಗಡಹಿಂಗ್ಲಜ, ಕಾಸಾರಾಕಡೂನ.’ ಗಡಹಿಂಗ್ಲಜದ ಬೋಗಾರನಿಂದ ಬಂದದ್ದು.

ಇನ್ನೊಂದು ಪುಟದಲ್ಲಿ ತೂತಿನ ಕಾಸಿನ ಅಚ್ಚು. ಎರಡನೇ ಮಹಾಯುದ್ಧದ ಕಾಲಕ್ಕೆ ತಾಮ್ರ ಉಳಿಸಲೆಂದು 1943ರಿಂದ 1947ರವರೆಗೆ ಟಂಕಿಸಿದ, ನಡುವೆ ದೊಡ್ಡ ರಂಧ್ರ ಇದ್ದ ಒಂದು ಪೈಸೆ. ಹೆಂಗಸರು ಅದನ್ನು ದಾರಕ್ಕೆ ಪೋಣಿಸಿ ಇಟ್ಟುಕೊಳ್ಳುತ್ತಿದ್ದರು. ಅದರ ಪಕ್ಕ ಅಚ್ಚ ಕನ್ನಡದಲ್ಲಿ: ‘ಅವ್ವನ ಗಂಟಿನ್ಯಾಂದು.’ ಮತ್ತೊಂದು ಕಡೆ, ‘ಸಂಕೇಶ್ವರ ಸಂತಿ, ಚಿಲ್ಲರ್ಯಾಗ ಬಂತು.’ ಇನ್ನೊಂದು ಕಡೆ, ‘ಚಿಂಚಲಿ ಜಾತ್ರಿ.’ ಆದಿಲ್‌ಶಾಹಿ ಪುಟದಲ್ಲಿ ಲಾರಿಯ ಚಿತ್ರ ಬರೆದಿದ್ದಾರೆ. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ, ಮೇಲೆ ಅಕ್ಷರ ಒತ್ತಿದ ಆ ವಿಚಿತ್ರ ನಾಣ್ಯವನ್ನು ಎರಡನೇ ಅಲಿ ಆದಿಲ್‌ಶಾಹ ಕೊಂಕಣದ ವ್ಯಾಪಾರಕ್ಕಾಗಿ ಹೊರಡಿಸಿದ್ದ. ಅಲ್ಲಿ ಅಚ್ಚಿಲ್ಲ, ಬರೀ ಚಿತ್ರ. ಯಾಕೆಂದರೆ ಕೆಳಗೆ ಬರೆದದ್ದು: ‘ವಿಜಾಪುರದಾಗ ನೋಡೀನಿ. ಕೊಡಲಿಲ್ಲ.’

ಪುಟ ತಿರುವುತ್ತ ಹೋದಂತೆ ನನಗೆ ಒಂದು ಕ್ರಮ ಹೊಳೆಯಿತು. ನಾಣ್ಯ ಮರಾಠಿ ಮಾತಿನವರಿಂದ ಬಂದಿದ್ದರೆ ಟಿಪ್ಪಣಿ ಮರಾಠಿಯಲ್ಲಿದೆ, ಕನ್ನಡದವರಿಂದ ಬಂದಿದ್ದರೆ ಕನ್ನಡದಲ್ಲಿದೆ. ಬೇರೆ ಊರಿನ ಓದುಗರಿಗೆ ಇದು ಸೋಜಿಗ ಅನ್ನಿಸಬಹುದು. ನಮ್ಮಲ್ಲಿ ಅದು ದಿನದ ರೂಢಿ. ಬಜಾರಕ್ಕೆ ಹೋಗಿ ಬಂದವರು ಮನೆಯಲ್ಲಿ ಸುದ್ದಿ ಹೇಳುವಾಗ ತಮ್ಮ ಮಾತನ್ನು ಕನ್ನಡದಲ್ಲೂ ಅಂಗಡಿಯವನ ಮಾತನ್ನು ಮರಾಠಿಯಲ್ಲೂ ಹೇಳುತ್ತಾರೆ. ‘ನಾ ಕೇಳಿದೆ, ಎಷ್ಟಕ್ಕ ಕೊಡ್ತಿ ಅಂತ. ತೋ ಮ್ಹಣಾಲಾ, ಪರವಡತ ನಾಹೀ ಮಾವಶೀ.’ ಕೇಳುವವರು ನಡುವೆ ತಡೆದು ‘ಅಂದರೇನು’ ಎನ್ನುವುದಿಲ್ಲ. ಅವನು ಆಡಿದ್ದನ್ನು ಅವನ ಬಾಯಿಯಿಂದಲೇ ಹೇಳಿಸಿದರೆ ಮಾತ್ರ ಸುದ್ದಿ ಖರೆ ಅನ್ನಿಸುತ್ತದೆ. ಈ ಪುಸ್ತಕದ ಅಂಚಿನಲ್ಲೂ ಹಾಗೇ ಆಗಿದೆ. ನಾಣ್ಯದ ಜೊತೆಗೆ ಅದನ್ನು ಕೊಟ್ಟವರ ಬಾಯಿಮಾತೂ ಬಂದು ಕೂತಿದೆ.

ಬಗೆಹರಿಯದೆ ಉಳಿದದ್ದು ಮೋಡಿ ಸಾಲುಗಳು, ಮತ್ತು ಅಂಕಿಗಳ ಮುಂದಿನ ಗೆರೆಗಳು. ಅಂಕಿಗಳೇ ಮೊದಲು ಸತಾಯಿಸಿದವು. ಎರಡು, ನಾಲ್ಕು ಇವನ್ನು ಕೈಬರಹದಲ್ಲಿ ಬರೆದಾಗ ಕನ್ನಡವೋ ನಾಗರಿಯೋ ಹೇಳಲಾಗದು, ಅಷ್ಟು ಹತ್ತಿರ. ಐದೋ ಏಳೋ ಬಂದಾಗಲೇ ಯಾವ ಲಿಪಿ ಎಂದು ತಿಳಿಯುವುದು. ಅಂಕಿಯ ಮುಂದೆ ಒಂದೆರಡು ಉದ್ದ ಗೆರೆ, ಅದರ ಮುಂದೆ ಸಣ್ಣ ಅಡ್ಡ ಗೆರೆಗಳು. ಪ್ರತಿ ನಾಣ್ಯದ ಪಕ್ಕದಲ್ಲೂ ಬೇರೆ ಬೇರೆ ಲೆಕ್ಕ.

ನಮ್ಮ ಓಣಿಯ ಹಿರಿಯರೊಬ್ಬರು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಹರೆಯದಿಂದಲೂ ಲೆಕ್ಕದ ವಹಿ ಬರೆದವರು. ನಾವೆಲ್ಲ ಅವರಿಗೆ ಕಾಕಾ ಅನ್ನುವುದು. ಮೋಡಿಯನ್ನು ತಮ್ಮ ತಂದೆಯ ಕೈ ನೋಡಿ ಕಲಿತವರು. ಪುಸ್ತಕವನ್ನು ಅವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು, ಬೆರಳು ಗೆರೆಯ ಮೇಲೆ ಇಟ್ಟು, ‘ಇದರಾಗ ಗುಟ್ಟ ಏನಿಲ್ಲೋ ತಮ್ಮಾ. ನಿಂತದ್ದು ಪಾವಲಿ, ಮಲಗಿದ್ದು ಆಣೆ’ ಅಂದರು.

ಅಷ್ಟೇ. ರೂಪಾಯಿಗೆ ಹದಿನಾರಾಣೆ. ನಿಂತ ಒಂದು ಗೆರೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ; ಎರಡು ನಿಂತರೆ ಎಂಟಾಣೆ, ಮೂರು ನಿಂತರೆ ಹನ್ನೆರಡಾಣೆ. ನಡುವಿನ ಆಣೆಗಳಿಗೆ ಅಡ್ಡ ಗೆರೆ. ಎರಡರ ಅಂಕಿ, ಒಂದು ನಿಂತ ಗೆರೆ, ಮೂರು ಅಡ್ಡ ಗೆರೆ ಇದ್ದರೆ ಎರಡು ರೂಪಾಯಿ ಏಳಾಣೆ. ಮೋಡಿ ವಹಿಯಲ್ಲೂ ಇದೇ ಗೆರೆ, ಗುಜರಾತಿ ವಹಿಯಲ್ಲೂ ಇದೇ, ಕನ್ನಡ ವಹಿಯಲ್ಲೂ ಇದೇ. ಭಾಷೆ ಬೇರೆಯಾದ ವ್ಯಾಪಾರಿಗಳು ಒಬ್ಬರ ಲೆಕ್ಕ ಒಬ್ಬರು ನೋಡಿ ನಂಬಲು ಈ ಗೆರೆಗಳು ಸಾಕಾಗುತ್ತಿದ್ದವು. 2009ರಲ್ಲಿ ಯೂನಿಕೋಡ್ ಈ ಗೆರೆಗಳಿಗೆ ಜಾಗ ಕೊಟ್ಟು, ಕಂಪ್ಯೂಟರಿನಲ್ಲೂ ಅವನ್ನು ಬರೆಯುವಂತೆ ಮಾಡಿದೆ. ಆದರೆ ಓದಬಲ್ಲವರು ಎಷ್ಟು ಮಂದಿ ಉಳಿದಿದ್ದಾರೆ?

ಇಲ್ಲೊಂದು ತೊಡಕು. ಆಣೆ ಹೋಗಿ ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. 1964ರ ಜೂನ್‌ನಲ್ಲಿ ‘ನಯಾ’ ಎಂಬ ಮಾತನ್ನೂ ಕೈಬಿಟ್ಟರು. ಪುಸ್ತಕವಾದರೋ 1969ರದು. ರೂಪಾಯಿಗೆ ನೂರು ಪೈಸೆಯಾಗಿ ಹನ್ನೆರಡು ವರ್ಷ ಕಳೆದ ಮೇಲೆ ಆಣೆಯ ಗೆರೆ ಯಾಕೆ? ಕಾಕಾ ಕೊನೆಯ ಹಾಳೆಯ ಮೋಡಿ ಸಾಲನ್ನು ಓದಿದರು: ‘ಜುನ್ಯಾ ವಹೀವರೂನ.’ ಹಳೆಯ ವಹಿಯಿಂದ ಇಳಿಸಿಕೊಂಡದ್ದು. ಅಂದರೆ ಇದಕ್ಕೂ ಮುಂಚೆ ಇನ್ನೊಂದು ಬರಹ ಇತ್ತು. ತಂದೆಯೋ, ಮಾವನೋ, ಸೋದರಮಾವನೋ ಆಣೆ ಓಡಾಡುತ್ತಿದ್ದ ಕಾಲದಲ್ಲೇ ನಾಣ್ಯ ಕೂಡಿಟ್ಟು, ಕೊಟ್ಟ ಬೆಲೆ ಬರೆದಿಟ್ಟಿದ್ದರು. ಮುಂದಿನವರು ಆ ಬೆಲೆಯನ್ನು ಪೈಸೆಗೆ ತಿರುಗಿಸದೆ, ಕಂಡ ಹಾಗೇ ಇಳಿಸಿಕೊಂಡಿದ್ದಾರೆ. ನನಗೆ ಇವರ ಮೇಲೆ ಗೌರವ ಹೆಚ್ಚಿದ್ದು ಇಲ್ಲಿ. ಏಳಾಣೆಯನ್ನು ನಲವತ್ನಾಲ್ಕು ಪೈಸೆ ಎಂದು ಬರೆದಿದ್ದರೆ ಆ ಕಾಲದ ಬೆಲೆಯ ಗುರುತೇ ಅಳಿಸಿಹೋಗುತ್ತಿತ್ತು.

ಬರೆದವರ ಮನೆಮಾತು ಯಾವುದು? ಪುಸ್ತಕ ನೋಡಿದ ಗೆಳೆಯರೆಲ್ಲ ಮೊದಲು ಕೇಳಿದ್ದು ಇದನ್ನೇ. ‘ಅವ್ವ’ ಅಂದದ್ದಕ್ಕೆ ಕನ್ನಡದವರು ಅಂತ ಒಬ್ಬರು. ಮೋಡಿ ಬರುತ್ತಿತ್ತು ಅಂದಮೇಲೆ ಮರಾಠಿಗರೇ ಅಂತ ಇನ್ನೊಬ್ಬರು. ಎರಡೂ ಸಾಲದು. ಬೆಳಗಾವಿ ಜಿಲ್ಲೆ 1956ರ ನವೆಂಬರ್ 1ರವರೆಗೂ ಮುಂಬಯಿ ರಾಜ್ಯದಲ್ಲಿತ್ತು. ಕನ್ನಡ ಮನೆಗಳ ಜಮೀನಿನ ಕಾಗದ, ಸಾಲದ ಪತ್ರ, ಅಂಗಡಿಯ ಖಾತೆ ಎಷ್ಟೋ ಮೋಡಿಯಲ್ಲೇ ಇವೆ. ಕನ್ನಡ ಮನೆಗಳಲ್ಲಿ ವಹಿನಿ, ಕಾಕಾ, ಮಾಮಾ ಎನ್ನುವವರು, ಮರಾಠಿ ಮನೆಗಳಲ್ಲಿ ಅಕ್ಕಾ, ಅಣ್ಣಾ ಎನ್ನುವವರು ಎರಡೂ ಕಡೆ ಬೇಕಾದಷ್ಟು. ಜನಗಣತಿಯವರು ಬಂದಾಗ ಒಂದೇ ಭಾಷೆಯ ಹೆಸರು ಹೇಳಬೇಕಾಗುತ್ತದೆ, ಹೇಳುತ್ತೇವೆ. ಈ ಅಂಚಿನ ಬರಹಕ್ಕೆ ಆ ಪ್ರಶ್ನೆಯನ್ನು ಹಾಕಬೇಕಾಗಿಲ್ಲ ಎಂಬುದೇ ನನ್ನ ಮತ.

ಬ್ರಿಟಿಷರ ಕಾಲದ ಒಂದಾಣೆಯ ಪಕ್ಕದ ಸಾಲೂ ಇದಕ್ಕೆ ಒಪ್ಪುತ್ತದೆ. ಅಂಚು ಹೂವಿನ ಎಸಳಿನಂತೆ ಬಾಗಿದ ಆ ನಿಕ್ಕಲ್ ನಾಣ್ಯದ ಮೇಲೆ ಬೆಲೆಯನ್ನು ಇಂಗ್ಲಿಷಲ್ಲದೆ ನಾಗರಿ, ಉರ್ದು, ಬಂಗಾಲಿ, ತೆಲುಗು ಅಕ್ಷರಗಳಲ್ಲೂ ಬರೆಯುತ್ತಿದ್ದರು. ಕನ್ನಡ ಇರಲಿಲ್ಲ. ಟಿಪ್ಪಣಿ ಹೇಳುತ್ತದೆ: ‘ನಮ್ಮ ಅಕ್ಷರ ಇಲ್ಲ. ತೆಲಗಿಂದು ಓದಾಕ ಬರತೈತಿ.’ ಈಗಿನ ನೋಟಿನ ಹಿಂದೆ ಹದಿನೈದು ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು, ಮರಾಠಿ ಎಂಟನೆಯದು. ಆ ಟಿಪ್ಪಣಿ ಬರೆದವರ ಕಾಲಕ್ಕೆ ನೋಟಿನಲ್ಲಿ ಎರಡೂ ಭಾಷೆ ಬಂದಾಗಿತ್ತು. ಆದರೂ ಹಳೆಯ ಆಣೆಯ ಮೇಲಿನ ಆ ಕೊರತೆ ಅವರಿಗೆ ತಟ್ಟಿದೆ.

ಒಂದು ಕಡೆ ‘ಎಲಿಯಟ್ ಸಾಹೇಬ ನೋಡಬೇಕು’ ಎಂದಿದೆ. ಇದು ಯಾರೆಂದು ಹುಡುಕಬೇಕಾಗಲಿಲ್ಲ. ವಾಲ್ಟರ್ ಎಲಿಯಟ್. 1824ರಲ್ಲಿ ಕಿತ್ತೂರ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದಾಗ ಚನ್ನಮ್ಮ ರಾಣಿಯ ಕಡೆಯವರ ಕೈಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ. ಅದೇ ಮನುಷ್ಯ ಮುಂದೆ ಧಾರವಾಡ ಸೀಮೆಯಲ್ಲಿ ಊರೂರು ತಿರುಗಿ ಕನ್ನಡ ನಾಡಿನ ಶಾಸನಗಳನ್ನು ನೂರುಗಟ್ಟಲೆ ಪ್ರತಿ ಮಾಡಿಸಿದ, ಕಚೇರಿಯೂ ಶಾಲೆಯೂ ಮರಾಠಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಕನ್ನಡ ಶಾಲೆಗಾಗಿ ಮುತುವರ್ಜಿ ವಹಿಸಿದ. ದಕ್ಷಿಣ ಭಾರತದ ನಾಣ್ಯಗಳ ಕುರಿತ ಅವನ ದೊಡ್ಡ ಪುಸ್ತಕ 1886ರಲ್ಲಿ ಹೊರಬಂದಾಗ ಅವನಿಗೆ ಕಣ್ಣು ಕಾಣುತ್ತಿರಲಿಲ್ಲ. ಮರುವರ್ಷವೇ ತೀರಿಕೊಂಡ. ಗಡಿಯ ಸಂತೆಯಲ್ಲಿ ಚಿಲ್ಲರೆ ಆರಿಸುತ್ತಿದ್ದ ಒಬ್ಬರಿಗೆ ಆ ಪುಸ್ತಕ ನೋಡುವ ಆಸೆ ಇತ್ತು ಎಂಬುದು ನನಗೆ ದೊಡ್ಡ ಸಂಗತಿ. ನೋಡಿದರೋ ಇಲ್ಲವೋ ಎಂಬುದನ್ನು ಬರೆದಿಲ್ಲ.

ಸಂಕಟದ ಟಿಪ್ಪಣಿಯೂ ಒಂದಿದೆ. ವಿಜಯನಗರದ ಪುಟದಲ್ಲಿ, ‘ಬಾವಿ ತೋಡುವಾಗ ಗಡಿಗಿ ಒಡದು ಸಿಕ್ಕಾವು.’ ಅದರ ಮುಂದೆ ಊರಿನ ಹೆಸರು. ಆ ಹೆಸರಿನ ಮೇಲೆ ಮಸಿಯಿಂದ ಗಟ್ಟಿಯಾಗಿ ಗೀಚಿ ಅಳಿಸಿದೆ. ಇಡೀ ಪುಸ್ತಕದಲ್ಲಿ ಮಸಿ ಬಿದ್ದದ್ದು ಅಲ್ಲಿ ಮಾತ್ರ. ನೆಲದಲ್ಲಿ ಹೂತ ನಿಧಿ ಹತ್ತು ರೂಪಾಯಿಗಿಂತ ಹೆಚ್ಚಿನದಾದರೆ ಕಲೆಕ್ಟರಿಗೆ ತಿಳಿಸಬೇಕೆಂದು 1878ರ ನಿಧಿ ಕಾಯ್ದೆ ಹೇಳುತ್ತದೆ. ಆ ಅಂಜಿಕೆಗೆ ಅಳಿಸಿದರೋ, ಬೇರೆಯವರು ಅಳಿಸಿದರೋ. ಅಳಿಸಿದವರು ಯಾರೇ ಇರಲಿ, ಅದು ಹಾನಿ. ಚಿನ್ನದ ವರಹದ ತೂಕ, ಮುದ್ರೆ ಯಾವ ವಸ್ತುಸಂಗ್ರಹಾಲಯದಲ್ಲಾದರೂ ಸಿಗುತ್ತದೆ. ಯಾವ ಊರ ಹೊಲದಲ್ಲಿ, ಎಷ್ಟು, ಯಾವುದರ ಜೊತೆ ಸಿಕ್ಕಿತು ಎಂಬುದು ಗೊತ್ತಿದ್ದರೆ ಮಾತ್ರ ಆ ದಾರಿಯಲ್ಲಿ ಯಾರು ವ್ಯಾಪಾರ ಮಾಡಿದರು, ಯಾವ ಕಾಲಕ್ಕೆ ಹೆದರಿ ಹೂತರು ಎಂದು ಹೇಳಲು ಬರುತ್ತದೆ. ಊರು ಹೋದ ಮೇಲೆ ಉಳಿಯುವುದು ಬಂಗಾರದ ಬೆಲೆ ಅಷ್ಟೇ.

ಕೊನೆಯ ರಕ್ಷಾಪುಟದ ಒಳಗೆ ಎರಡು ಸಾಲು. ಒಂದು ಕನ್ನಡ: ‘ಹುಣಸೀಹಣ್ಣ ಹಚ್ಚಿ ತಿಕ್ಕಬ್ಯಾಡ್ರಿ.’ ಮನೆಯವರಿಗೆ ಹೇಳಿದ ಮಾತಿದು, ಬಹಳ ಸರಿಯಾದ ಮಾತು. ತಾಮ್ರದ ಮೇಲೆ ಕಾಲ ಕಟ್ಟಿದ ಹಸಿರು, ಕಂದು ಪೊರೆಯನ್ನು ತಿಕ್ಕಿ ತೆಗೆದರೆ ಅಕ್ಷರವೂ ಸವೆದು ಹೋಗುತ್ತದೆ. ಇನ್ನೊಂದು ಮರಾಠಿ: ‘ತಾಈಚೇ ಆಹೇ. ವಿಕೂ ನಯೇ.’ ಅಕ್ಕನದು, ಮಾರಬಾರದು. ಅಕ್ಕನದು ನಾಣ್ಯವೋ, ಪುಸ್ತಕವೋ? ಹಳೆಯ ವಹಿ ಬರೆದವರೇ ಈ ಅಕ್ಕನೋ? ನಾಣ್ಯ ಕೂಡಿಡುವುದು ಗಂಡಸರ ಹವ್ಯಾಸ ಎಂದುಕೊಂಡೇ ನಾವೆಲ್ಲ ಈ ಬರಹ ಓದಿದೆವು. ಕಾಕಾ ಮಾತ್ರ, ‘ಅಕ್ಷರ ನೋಡಿದ್ರ ಹೆಣಮಗಳ ಕೈ ಇದ್ಧಾಂಗ ಐತಿ’ ಅಂದರು. ಅಕ್ಷರ ನೋಡಿ ಹಾಗೆ ಹೇಳಲು ಬರುತ್ತದೋ ಇಲ್ಲವೋ, ಆದರೆ ಸಂತೆಯ ಚಿಲ್ಲರೆ, ಅವ್ವನ ಗಂಟು, ಬೋಗಾರ, ಜಾತ್ರೆ ಇವೆಲ್ಲ ಹೆಣ್ಣುಮಕ್ಕಳು ಓಡಾಡುವ ಜಾಗಗಳೇ ಎಂಬುದು ಮಾತ್ರ ಆಮೇಲೆ ನನ್ನ ತಲೆಯಿಂದ ಹೋಗಿಲ್ಲ.

ಗಡಹಿಂಗ್ಲಜ, ಸಂಕೇಶ್ವರ, ಚಿಕ್ಕೋಡಿ, ನಿಪ್ಪಾಣಿ ಸುತ್ತಿನ ಓದುಗರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಮನೆಯ ಅಟ್ಟದಲ್ಲಿ ಮೋಡಿ ಅಕ್ಷರದ ವಹಿ, ಕಾಗದದ ಗಂಟು ಇದ್ದರೆ ರದ್ದಿಗೆ ತೂಗುವ ಮೊದಲು ಓದಬಲ್ಲವರಿಗೆ ಒಮ್ಮೆ ತೋರಿಸಿ. ನಿಮ್ಮ ಓಣಿಯಲ್ಲೇ ಒಬ್ಬ ಕಾಕಾ ಇದ್ದಾರು; ಇಲ್ಲದಿದ್ದರೆ ಕೊಲ್ಹಾಪುರದಲ್ಲಿ ಪುರಾಲೇಖಾಗಾರ ಇದೆ, ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಇದೆ. ಹಳೆಯ ನಾಣ್ಯ ಇದ್ದರೆ ತಿಕ್ಕಬೇಡಿ, ಯಾರಿಂದ, ಯಾವ ಊರಿನಿಂದ ಬಂತೆಂದು ಒಂದು ಚೀಟಿಯಲ್ಲಿ ಬರೆದಿಡಿ. ಬಂದ ಭಾಷೆಯಲ್ಲೇ ಬರೆಯಿರಿ. ನಿಮ್ಮ ಮನೆಯಲ್ಲಿ ನಾಣ್ಯ ಕೂಡಿಡುತ್ತಿದ್ದ ಅಕ್ಕನೋ ಅತ್ತೆಯೋ ಇದ್ದರು, ವಿಜಾಪುರದಲ್ಲಿ ಒಂದು ಲಾರಿ ಕೇಳಿ ಸಿಗದೆ ಬಂದಿದ್ದರು ಎಂಬ ನೆನಪು ಯಾರಿಗಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಹಾಕಿ. ಪುಸ್ತಕವನ್ನು ನಾನೇ ತಂದು ಕೊಡುತ್ತೇನೆ.