ಕೈರೋದ ಕತಾಯೆಫ್: ಅರ್ಧ ಕೆಲಸ ಅಂಗಡಿಯಲ್ಲೇ

ರಮಝಾನ್‌ನಲ್ಲಿ ನೀವು ಕೈರೋದ ಬೀದಿಗಿಳಿದರೆ, ಬಿಸಿ ಕಾವಲಿಗೆ ಹಿಟ್ಟು ಹುಯ್ಯುವ ಅಂಗಡಿಗಳ ಮುಂದೆ ಜನ ಕಾದು ನಿಂತಿರುವುದು ಕಾಣುತ್ತದೆ. ನಮ್ಮ ಸೆಟ್ ದೋಸೆಯಂತೆ ಮೇಲೆಲ್ಲ ತೂತು ಬಿದ್ದ ಪುಟ್ಟ ದೋಸೆಗಳು. ಹೆಸರು ಕತಾಯೆಫ್. ಒಂದೇ ಮಗ್ಗುಲು ಬೇಯಿಸಿ ಕಿಲೋ ಲೆಕ್ಕದಲ್ಲಿ ಮಾರುತ್ತಾರೆ. ಉಪವಾಸವಿದ್ದು ಹಿಟ್ಟು ಕಲಸಿ, ಹುಳಿ ಬರಿಸುವ ಶ್ರಮ ಗೃಹಿಣಿಗಿಲ್ಲ. ಬೇಯದ ಬದಿಗೆ ಅಕ್ರೋಟು, ಒಣದ್ರಾಕ್ಷಿ, ದಾಲ್ಚಿನ್ನಿ ಪುಡಿ ತುಂಬಿ, ಕರಿಗಡುಬಿನಂತೆ ಮಡಚಿ ಅಂಚು ಒತ್ತಿದರಾಯಿತು. ಆ ಬದಿ ಅಂಟಂಟಾಗಿರುವುದರಿಂದ ನೀರೂ ಬೇಡ, ಮೊಟ್ಟೆಯೂ ಬೇಡ. ಆದರೆ ಬಟ್ಟೆ ಮುಚ್ಚದೆ ಇಟ್ಟಿರೋ, ಒಣಗಿಬಿಡುತ್ತದೆ. ಎಣ್ಣೆಗೆ ಬಿಟ್ಟೊಡನೆ ಬಾಯಿ ಬಿಟ್ಟು ಹೂರಣವೆಲ್ಲ ಸೀದು ಹೋಗುತ್ತದೆ. ಇಫ್ತಾರ್‌ಗೆ ಹತ್ತು ನಿಮಿಷವಿರುವಾಗ ಹಾಗಾದರೆ ಎಷ್ಟು ಸಂಕಟ ಹೇಳಿ! ಹೊಂಬಣ್ಣಕ್ಕೆ ಕರಿದು, ಬಿಸಿಯಿರುವಾಗಲೇ ತಣಿದ ಸಕ್ಕರೆ ಪಾಕದಲ್ಲಿ ಅದ್ದಿ ತೆಗೆಯಿರಿ. ಪಾಕವೂ ಬಿಸಿಯಿದ್ದರೆ ಮೆತ್ತಗಾಗುತ್ತದೆ.

ನಿಮ್ಮೂರಲ್ಲಿ ಕತಾಯೆಫ್ ಸಿಗದಿದ್ದರೆ ಅಂಗಡಿಯ ಸಮೋಸ ಪಟ್ಟಿ ತನ್ನಿ. ರುಚಿ ಅದೇ ಎಂದು ನಾನು ಹೇಳಲಾರೆ, ಸುಲಭವಂತೂ ಹೌದು. ಅದು ತಾನಾಗಿ ಅಂಟದು. ಅಂಚಿಗೆ ಮೈದಾ ಕಲಸಿ ಸವರಿ. ಅಕ್ರೋಟು ದುಬಾರಿಯೆನಿಸಿದರೆ ಒಣಕೊಬ್ಬರಿ ತುರಿ, ಸಕ್ಕರೆ, ಏಲಕ್ಕಿ ಸಾಕು. ಹಸಿ ಕಾಯಿ ಮಾತ್ರ ಬೇಡ, ಪಟ್ಟಿ ನೆನೆದು ಹರಿಯುತ್ತದೆ.