ಹೆಸರಿಲ್ಲದ ಕೈಗಳು



ಜಾನ್ ಕೀಟ್ಸ್ ಎಂಬ ಇಂಗ್ಲಿಷ್ ಕವಿ 1819ರಲ್ಲಿ ಪ್ರಾಚೀನ ಗ್ರೀಸಿನ ಒಂದು ಹೂಜಿಯನ್ನು ಕುರಿತು ಕವನ ಬರೆದ. ಬಿ.ಎ. ಓದಿದವರಿಗೆ ಅದು ಪರಿಚಿತ. ಮನುಷ್ಯರು ಮುದುಕರಾಗಿ ಮಣ್ಣು ಸೇರುತ್ತಾರೆ; ಹೂಜಿಯ ಮೇಲಿನ ಚಿತ್ರ ಮಾತ್ರ ತಲೆಮಾರುಗಳಿಗೆ ಸಂಗಾತಿಯಾಗಿ ಉಳಿಯುತ್ತದೆ ಎಂಬುದು ಅದರ ತಿರುಳು. ಸೋಜಿಗವೆಂದರೆ, ಕವಿ ವರ್ಣಿಸಿದಂತಹ ಹೂಜಿ ಎಲ್ಲಿಯೂ ಸಿಕ್ಕಿಲ್ಲ. ತಾನು ಕಂಡ ಹಲವು ಕಲಾಕೃತಿಗಳನ್ನು ಸೇರಿಸಿ ಆತ ಮನಸ್ಸಿನಲ್ಲೇ ಅದನ್ನು ರೂಪಿಸಿದ. 1821ರಲ್ಲಿ, ಕೇವಲ 25ರ ಪ್ರಾಯದಲ್ಲಿ, ರೋಮಿನಲ್ಲಿ ಕ್ಷಯರೋಗದಿಂದ ತೀರಿಕೊಂಡ. ಆತನ ಇಚ್ಛೆಯಂತೆ ಗೋರಿಕಲ್ಲಿನಲ್ಲಿ ಹೆಸರನ್ನೂ ಕೆತ್ತಲಿಲ್ಲ. ಕವನ ಮಾತ್ರ ಉಳಿಯಿತು.

ಹೆಸರು ಬಯಸದ ಕೈಗಳ ಕಲೆ ನಮ್ಮ ಮನೆಯಲ್ಲೂ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮಳೆಗಾಲದ ಚಳಿಗೆ ಮಕ್ಕಳನ್ನು ಬೆಚ್ಚಗಿಟ್ಟ ಕೌದಿಯನ್ನು ನೆನಪಿಸಿಕೊಳ್ಳಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರು ಇದನ್ನು ಕವಂದಿ ಎನ್ನುತ್ತಾರೆ. ಆಫ್ರಿಕಾದಿಂದ ಬಂದವರ ಸಂತತಿಯಾದ ಸಿದ್ದಿಗಳಲ್ಲಿ ಮುಸ್ಲಿಮರೂ, ಹಿಂದೂಗಳೂ, ಕ್ರೈಸ್ತರೂ ಇದ್ದಾರೆ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿನತ್ತ ಹೊಲಿಯುತ್ತಾ ಬಂದು, ಮೂಲೆಗಳಿಗೆ 'ಫುಲಾ' ಎಂಬ ಮಡಿಸಿದ ತುಂಡುಗಳನ್ನು ಕೂರಿಸುತ್ತಾರೆ. ಅದಿಲ್ಲದಿದ್ದರೆ ಕವಂದಿ ಬರಿಮೈಯಲ್ಲಿದ್ದಂತೆ! ಮುಸ್ಲಿಮ್ ಸಹೋದರಿಯರ ಕೆಲವು ಕವಂದಿಗಳಲ್ಲಿ ಬಾಲಚಂದ್ರನೂ ಇರುತ್ತಾನೆ. ಇಂತಹ ಕವಂದಿಗಳು ಅಮೆರಿಕದ ಪ್ರದರ್ಶನಗಳನ್ನೂ ತಲುಪಿವೆ.

ಆದರೆ ಹೂಜಿಗೂ ಕೌದಿಗೂ ಒಂದು ವ್ಯತ್ಯಾಸವಿದೆ. ಹೂಜಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಸಾವಿರ ವರ್ಷ ಬಾಳುತ್ತದೆ. ಕೌದಿ ಒಗೆದಷ್ಟೂ ಸವೆಯುತ್ತದೆ. ಅದು ಉಳಿಯುವುದು ತಾಯಿಯ ಕೈಯಿಂದ ಮಗಳ ಕೈಗೆ ದಾಟಿದಾಗ ಮಾತ್ರ. ಒಂದು ತಲೆಮಾರು ಕಲಿಯದಿದ್ದರೆ ಅಲ್ಲಿಗೆ ಮುಗಿಯಿತು. ಇಂದು ಅಂಗಡಿಯಲ್ಲಿ ಅಗ್ಗದ ಕಂಬಳಿ ಸಿಗುತ್ತದೆ. ಅಜ್ಜಿಯ ಕೌದಿ ಒರೆಸುವ ಬಟ್ಟೆಯಾಗುತ್ತದೆ. ಅದರೊಂದಿಗೆ ಅಜ್ಜಿಯ ಮದುವೆಯ ಸೀರೆ, ಅಜ್ಜನ ಲುಂಗಿ, ನಮ್ಮದೇ ಬಾಲ್ಯದ ಫ್ರಾಕು ಎಲ್ಲವೂ ಹೋಗುತ್ತವೆ.

ಶಾಶ್ವತನು ಅಲ್ಲಾಹನೊಬ್ಬನೇ. ಆದರೂ ಮನುಷ್ಯ ಮರಣಿಸಿದ ಬಳಿಕವೂ ಅವನು ಬಿಟ್ಟುಹೋದ ಉಪಯುಕ್ತ ಜ್ಞಾನದ ಪ್ರತಿಫಲ ನಿಲ್ಲುವುದಿಲ್ಲವೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಚಳಿಯಲ್ಲಿ ಮಗುವನ್ನು ಬೆಚ್ಚಗಿಡುವ ವಿದ್ಯೆ ಉಪಯುಕ್ತವಲ್ಲದೆ ಮತ್ತೇನು?

ಈ ಸಲ ಮಳೆ ಹಿಡಿದಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಜ್ಜಿ ಇದ್ದರೆ ಅವರನ್ನೂ ಕರೆಯಿರಿ. ಯಾವ ತುಂಡು ಯಾರದೆಂದು ಕೇಳಿರಿ. ನಂತರ ಮಗಳ ಕೈಗೆ ಸೂಜಿ ಕೊಡಿರಿ.