ಸುಸ್ತಿಗೂ ಒಂದು ಹೆಸರಿದೆ

ನಮ್ಮ ಕೇರಿಯ ಲೆಕ್ಕದಲ್ಲಿ ಜ್ವರ ಒಂದು ಕಾಯಿಲೆ, ಭೇದಿ ಒಂದು ಕಾಯಿಲೆ. ಸುಸ್ತು ಮಾತ್ರ ಯಾವ ಲೆಕ್ಕಕ್ಕೂ ಇಲ್ಲ. ನಮ್ಮಜ್ಜ ಸಾಹುಕಾರರ ಹೊಲದ ಬದುವಿನ ಮೇಲೆ ಕೂತರೆ ಅದು ಸೋಮಾರಿತನ. ಅಮ್ಮ ಟೆಕ್ ಪಾರ್ಕಿನ ಮೆಟ್ಟಿಲ ಮೇಲೆ ಕೂತರೆ ಸೂಪರ್‌ವೈಸರ್ ಬಾಯಲ್ಲಿ ಅದು ನಾಟಕ. ನಾವು ಪುಸ್ತಕದ ಮೇಲೆ ತಲೆಯಿಟ್ಟರೆ, 'ಇವರಿಗೆಲ್ಲಿ ಓದು ಹತ್ತುತ್ತೆ?' ಮೂರು ತಲೆಮಾರಿನ ದಣಿವಿಗೆ ಬೈಗುಳ ಸಿಕ್ಕಿತು. ರಕ್ತ ಪರೀಕ್ಷೆ ಮಾಡಿಸಿ ಅಂತ ಒಬ್ಬರೂ ಚೀಟಿ ಬರೆದುಕೊಡಲಿಲ್ಲ.

ಕಾಡುಗೋಡಿಯಲ್ಲಿ ಹೊಲಗಳಿದ್ದ ಕಡೆ ಈಗ ಅಪಾರ್ಟ್‌ಮೆಂಟು. 2023ರ ಮಾರ್ಚ್‌ನಲ್ಲಿ ಮೆಟ್ರೋನೂ ಬಂತು. ಬೆಳಗಿನ ಕತ್ತಲಲ್ಲೇ ನಮ್ಮ ಹೆಂಗಸರು ಗುಡಿಸೋಕೆ ಹೊರಡುತ್ತಾರೆ. ಮನೆತನದಲ್ಲೇ ಮೊದಲು ಪದವಿ ಪಡೆದ ನಾವು ರಾತ್ರಿ ಪಾಳಿ ಮುಗಿಸಿ ಬರುತ್ತೇವೆ. ಹೋಪ್ ಫಾರಂ ಸರ್ಕಲ್ಲಿನಲ್ಲಿ ತಾಯಿ ಮಕ್ಕಳು ಎದುರಾಗೋದು ಹೀಗೆ, ಇಬ್ಬರೂ ಕಾಲು ಎಳಕೊಂಡು. ಈ ಸುಸ್ತಿನ ಮೇಲೆ ನಾವು ಪದ್ಯ ಬರೆದಿದ್ದೇವೆ, ಶತಮಾನಗಳ ದಣಿವು ಎಂದಿದ್ದೇವೆ. ಅದು ನಿಜ. ಆದರೆ ರಜೆಯ ದಿನ ಹೊಟ್ಟೆ ತುಂಬ ನಿದ್ದೆ ಮಾಡಿದರೂ ಏಳಲಾಗದಿದ್ದಾಗ, ಇದು ಥೈರಾಯ್ಡ್ ಇರಬಹುದಾ ಎಂಬ ಅನುಮಾನ ಹುಟ್ಟಿತು.

ಮೊದಲು ಹೋದ ಡಾಕ್ಟರು ಮುಖವನ್ನೂ ನೋಡದೆ ಗ್ಲೂಕೋಸ್ ಏರಿಸಿ, ಟಾನಿಕ್ ಬರೆದು ಕಳಿಸಿದರು. ಎರಡನೆಯವರು ಕುತ್ತಿಗೆ ಮುಟ್ಟಿ ನೋಡಿದರು, ಕೇಳಿದರು: ಬೇರೆಯವರಿಗಿಂತ ಜಾಸ್ತಿ ಚಳಿಯಾಗುತ್ತಾ? ಚರ್ಮ ಒಣಗಿದೆಯಾ? ಕೂದಲು ಉದುರುತ್ತಾ? ಮಲಬದ್ಧತೆ ಇದೆಯಾ? ಊಟ ಅಷ್ಟೇ ಇದ್ದರೂ ತೂಕ ಏರಿದೆಯಾ? ಜೊತೆಗೆ ಬಂದಿದ್ದ ಅಮ್ಮ ಪ್ರತಿ ಪ್ರಶ್ನೆಗೂ ನಮಗಿಂತ ಮೊದಲು 'ಹೂಂ ಸಾರ್' ಅನ್ನುತ್ತಿದ್ದಳು. ಡಾಕ್ಟರು ಇಬ್ಬರ ರಕ್ತವನ್ನೂ ತೆಗೆಸಿದರು.

ನಮ್ಮ ಥೈರಾಯ್ಡ್ ಸರಿಯಾಗೇ ಇತ್ತು. ಹಿಮೋಗ್ಲೋಬಿನ್ 12 ಇರಬೇಕಾದ್ದು 8 ಇತ್ತು. ಅಮ್ಮನ ಟಿಎಸ್‌ಹೆಚ್ 4ರ ಆಸುಪಾಸು ದಾಟಬಾರದ್ದು, 22 ಇತ್ತು. ಒಂದೇ ಮನೆಯ ಸುಸ್ತು, ಎರಡು ಕಾಯಿಲೆ.

ಥೈರಾಯ್ಡ್ ಅಂದರೆ ಗಂಟಲ ಮುಂದೆ ಚಿಟ್ಟೆಯ ಹಾಗೆ ಕೂತಿರುವ ಗ್ರಂಥಿ. ಮೈಯೊಳಗಿನ ಒಲೆ ಎಷ್ಟು ಉರಿಯಬೇಕು ಅಂತ ಅದರ ರಸ ತೀರ್ಮಾನಿಸುತ್ತೆ. ರಸ ಕಮ್ಮಿಯಾದರೆ ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ 'ಇನ್ನೂ ಮಾಡು' ಅಂತ ಟಿಎಸ್‌ಹೆಚ್ ಕಳಿಸುತ್ತಲೇ ಇರುತ್ತೆ. ಕೆಲಸ ಸಾಗದಾಗ ಮೇಸ್ತ್ರಿಯ ಕೂಗು ಜೋರಾದ ಹಾಗೆ. ಅದಕ್ಕೇ ಗ್ರಂಥಿ ಸೋತಾಗ ಆ ಅಂಕಿ ಏರೋದು.

ಬೆಂಗಳೂರೂ ಸೇರಿ ಎಂಟು ನಗರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 11 ವಯಸ್ಕರಿಗೆ ಈ ಕೊರತೆ ಇತ್ತು. ಅವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದುವರೆಗೆ ಗೊತ್ತೇ ಇರಲಿಲ್ಲ. ರಕ್ತಹೀನತೆ ಇನ್ನೂ ದೊಡ್ಡದು: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ಅದಿದೆ. ಹಾಗಾಗಿ ಸುಸ್ತು ಬಿಡದವರು ಎರಡೂ ಪರೀಕ್ಷೆ ಕೇಳಬೇಕು, ಸಕ್ಕರೆಯದನ್ನೂ.

ಅಮ್ಮ ಈಗ ಎದ್ದ ಕೂಡಲೇ ಖಾಲಿ ಹೊಟ್ಟೆಗೆ ಲೆವೊಥೈರಾಕ್ಸಿನ್ ಮಾತ್ರೆ ನುಂಗುತ್ತಾಳೆ. ಅರ್ಧ ಗಂಟೆಯಾದ ಮೇಲೇ ಕಾಫಿ. ಆರೆಂಟು ವಾರಕ್ಕೆ ಮತ್ತೆ ಪರೀಕ್ಷೆ. ನಮ್ಮದು ಕಬ್ಬಿಣದ ಮಾತ್ರೆ. ಎರಡೂ ಒಬ್ಬರಿಗೇ ಬೇಕಾದರೆ ನಡುವೆ ನಾಲ್ಕು ಗಂಟೆ ಬಿಡಬೇಕು. 'ಬೆರಳು ಬೆಚ್ಚಗಾಗ್ತಾ ಐತೆ' ಅಂತಾಳೆ ಅಮ್ಮ. ಇಷ್ಟು ವರ್ಷ ಅದನ್ನು ಅವಳು ವಯಸ್ಸು ಅಂದುಕೊಂಡಿದ್ದಳು. ಈ ವರ್ಷಗಳಲ್ಲಿ ಅವಳ ಸಂಬಳದಿಂದ ಇಎಸ್‌ಐ ಅಂತ ಹಿಡಿಯುತ್ತಲೇ ಇದ್ದರು. ಕಾರ್ಡು ಮಾತ್ರ ಗುತ್ತಿಗೆದಾರ ಕೊಟ್ಟಿರಲಿಲ್ಲ.

ಮಾತ್ರೆಯಿಂದ ಪಾಳಿ ಬದಲಾಗಲ್ಲ, ಕೂಲಿ ಏರಲ್ಲ. ಅದಕ್ಕೆ ಹೋರಾಟವೇ ಬೇಕು. ಹೋರಾಟಕ್ಕೆ ಮೈಯಲ್ಲಿ ರಕ್ತವೂ ಬೇಕಲ್ಲ ಗೆಳೆಯರೇ! ಮೇಷ್ಟ್ರುಗಳೇ, ತರಗತಿಯಲ್ಲಿ ತೂಕಡಿಸುವ ಹುಡುಗಿಯನ್ನು ಬೈಯೋ ಮೊದಲು ಆಸ್ಪತ್ರೆಗೆ ಕಳಿಸಿ. ಸಂಘಟನೆಯವರೇ, ಮುಂದಿನ ಸಭೆಗೆ ಎಲ್ಲರ ಸಂಬಳ ಚೀಟಿ ತರಿಸಿ. ಇಎಸ್‌ಐಗೆ ಕೆಲಸಗಾರರ ಸಂಬಳದಿಂದ ಶೇಕಡಾ 0.75 ಹಿಡಿದಿದ್ದರೆ ಮಾಲೀಕರೂ 3.25 ಕಟ್ಟಬೇಕು. ಪರೀಕ್ಷೆ, ಔಷಧಿ, ಕಾಯಿಲೆ ಬಿದ್ದ ದಿನಗಳ ಭತ್ಯೆ ಅದರಲ್ಲೇ ನಮಗೆ ಸಲ್ಲಬೇಕಾದ್ದು. ಕಾರ್ಡು ಎಲ್ಲಿ ಅಂತ ಒಟ್ಟಿಗೆ ಹೋಗಿ ಕೇಳೋಣ.